ಜೇನುಹುಟ್ಟು: ಸಿಹಿಯೆಷ್ಟು, ಸತ್ವವೆಷ್ಟು?

ಇಂದಿನ ಮಾತು ಹಸಿ ಜೇನುಹುಟ್ಟಿನದು. ಹಿಂಡದ, ಸೋಸದ, ಬೆಂಕಿ ಕಾಣದ ಜೇನು. ಮೇಣದ ಸಮೇತ ಅಗಿದು ತಿನ್ನುವ ಜೇನು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲ್ಲೂಕುಗಳಲ್ಲಿ ಇದನ್ನು ನೋಡದವರು ವಿರಳ. ಇದರ ಬಗ್ಗೆ ಕೇಳಿಬರುವ ಮಾತುಗಳೂ ಬಹಳ. ರಕ್ತ ಹೆಚ್ಚುತ್ತದೆ ಎನ್ನುತ್ತಾರೆ. ಸಕ್ಕರೆ ಕಾಯಿಲೆಯವರೂ ತಿನ್ನಬಹುದು ಎನ್ನುತ್ತಾರೆ. ಮೇಣ ನುಂಗಿದರೆ ಹೃದಯಕ್ಕೆ ಹಿತ, ಹಸುಗೂಸಿಗೆ ನೆಕ್ಕಿಸಿದರೆ ಬುದ್ಧಿ ಚುರುಕು ಎನ್ನುವವರೂ ಇದ್ದಾರೆ. ಇವುಗಳಲ್ಲಿ ಯಾವುದು ನಿಜ, ಎಷ್ಟರ ಮಟ್ಟಿಗೆ ನಿಜ? ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಜೇನುಹುಟ್ಟು ಒಂದು ಉತ್ತಮ ಸಿಹಿ. ಒಂದೆರಡು ಕಡೆ ಅದು ನಿಜವಾದ ಮದ್ದು. ಆದರೆ ಅದು ಪುಷ್ಟಿಯ ಆಹಾರವಲ್ಲ. ಜೇನುನೊಣ ನಮಗೆ ಕೊಡುವ ಪುಷ್ಟಿ ಬೇರೆಡೆ ಇದೆ. ಅದು ಎಲ್ಲಿದೆ ಎಂಬುದನ್ನು ಕೊನೆಗೆ ಹೇಳುತ್ತೇನೆ. ಅಲ್ಲಿಗೆ ಹೋಗಲು ಮೊದಲು ಹುಟ್ಟನ್ನು ಬಿಡಿಸಿ ನೋಡಬೇಕು.

ನಮ್ಮ ಬಯಲುಸೀಮೆಯಲ್ಲಿ ಸಿಗುವ ಹುಟ್ಟು ಹೆಚ್ಚಾಗಿ ಎರಡು ಬಗೆಯದು. ಒಂದು ಹೆಜ್ಜೇನಿನದು. ಎತ್ತರದ ಮರ, ಬಂಡೆಯ ಚಾಚು, ನೀರಿನ ಟಾಂಕಿ, ಇಂಥ ಕಡೆ ಒಂದೇ ದೊಡ್ಡ ಹುಟ್ಟು ಬಯಲಿಗೆ ತೂಗುತ್ತದೆ. ಅದರ ಅಗಲ ಒಂದು ಮೀಟರ್ ಮುಟ್ಟುವುದೂ ಉಂಟು. ಇನ್ನೊಂದು ಕೋಲುಜೇನು, ಕಡ್ಡಿಜೇನು ಎಂದೂ ಕರೆಯುತ್ತಾರೆ. ಬೇಲಿಯ ಗಿಡದಲ್ಲಿ, ಕಡ್ಡಿಯೊಂದನ್ನು ತಬ್ಬಿಕೊಂಡು ಅಂಗೈಯಗಲದ ಹುಟ್ಟು ಕಟ್ಟುತ್ತದೆ. ಕಿತ್ತೂರಿನ ಪಡುವಣ ಭಾಗದಂತೆ ಕಾಡಿನ ಅಂಚು ಬಂದಲ್ಲಿ ಮೂರನೆಯ ಬಗೆ ಸೇರುತ್ತದೆ. ಅದು ಪೊಟರೆಯಲ್ಲಿ ಹಲವು ಹುಟ್ಟುಗಳನ್ನು ಸಾಲಾಗಿ ಕಟ್ಟುವ ತುಡುವೆ ಜೇನು. ಪೆಟ್ಟಿಗೆಯಲ್ಲಿ ಸಾಕಲು ಒಗ್ಗುವುದು ಇದೇ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ಬಂದು ಕರ್ನಾಟಕದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಬಗೆ ಯಾವುದೇ ಇರಲಿ, ಹುಟ್ಟಿನಲ್ಲಿ ಮೂರು ಭಾಗಗಳಿರುತ್ತವೆ. ಮೇಲ್ಭಾಗದಲ್ಲಿ ಜೇನುತುಪ್ಪ ತುಂಬಿದ ಕೋಣೆಗಳು. ಕೆಳಗೆ ಮೊಟ್ಟೆ, ಮರಿ ಬೆಳೆಯುವ ಕೋಣೆಗಳು. ನಡುವೆ ಹೂವಿನ ಪರಾಗದ ಸಂಗ್ರಹ. ನಾವು ತಿನ್ನಬೇಕಾದ್ದು ತುಪ್ಪದ ಭಾಗ ಮಾತ್ರ. ಅದರಲ್ಲಿ ಮೇಣದ ಪಾಲು ಬಹಳ ಕಡಿಮೆ. ಸುಮಾರು 20 ಕಿಲೋ ಜೇನುತುಪ್ಪ ಹಿಡಿಯಲು 1 ಕಿಲೋ ಮೇಣ ಸಾಕು. ಹಾಗಾಗಿ ಹುಟ್ಟನ್ನು ತಿನ್ನುವುದೆಂದರೆ ಬಹುಮಟ್ಟಿಗೆ ಜೇನುತುಪ್ಪವನ್ನೇ ತಿನ್ನುವುದು.

ಹುಟ್ಟಿನ ಬಹುಪಾಲು ತುಪ್ಪವೇ ಎಂದಾಯಿತು. ಈಗ ಆ ತುಪ್ಪದಲ್ಲಿ ಏನಿದೆ ನೋಡೋಣ. 100 ಗ್ರಾಂ ಜೇನುತುಪ್ಪ ತೆಗೆದುಕೊಳ್ಳಿ. ಅದರಲ್ಲಿ ಸುಮಾರು 80 ಗ್ರಾಂ ಸಕ್ಕರೆಗಳು. ಮುಖ್ಯವಾಗಿ ಎರಡು: ಫ್ರಕ್ಟೋಸ್ ಮತ್ತು ಗ್ಲೂಕೋಸ್. 17ರಿಂದ 20 ಗ್ರಾಂ ನೀರು. ಉಳಿದದ್ದೆಲ್ಲ ಸೇರಿ ಒಂದೆರಡು ಗ್ರಾಂ. ಆ ಒಂದೆರಡು ಗ್ರಾಮಿನಲ್ಲೇ ಖನಿಜ, ಆಮ್ಲ, ಕಿಣ್ವ, ಬಣ್ಣ, ಪರಿಮಳ ಎಲ್ಲವೂ ಇರಬೇಕು. ಪ್ರೋಟೀನ್ ಅರ್ಧ ಗ್ರಾಂ ಕೂಡ ಇಲ್ಲ. ಕಬ್ಬಿಣದ ಅಂಶ ಅರ್ಧ ಮಿಲಿಗ್ರಾಮಿಗಿಂತ ಕಡಿಮೆ. ವಿಟಮಿನ್‌ಗಳೂ ಅಷ್ಟೇ, ಹೆಸರಿಗೆ ಇವೆ. ಶಕ್ತಿ ಮಾತ್ರ ಸುಮಾರು 300 ಕ್ಯಾಲೊರಿ. ಈಗ ನಮ್ಮ ಜೋಳದ ಹಿಟ್ಟನ್ನು ಪಕ್ಕಕ್ಕಿಡಿ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, ಸುಮಾರು 4 ಮಿಲಿಗ್ರಾಂ ಕಬ್ಬಿಣ. ಸಜ್ಜೆಯಲ್ಲಿ ಕಬ್ಬಿಣ ಇನ್ನೂ ಹೆಚ್ಚು, 6 ಮಿಲಿಗ್ರಾಂ ದಾಟುತ್ತದೆ. ಒಂದು ಜೋಳದ ರೊಟ್ಟಿಗೆ 50 ಗ್ರಾಂ ಹಿಟ್ಟು ಎಂದು ಹಿಡಿದರೂ 2 ಮಿಲಿಗ್ರಾಂ ಕಬ್ಬಿಣ ಬಂತು. ಅಷ್ಟನ್ನು ಜೇನಿನಿಂದ ಪಡೆಯಲು ಅರ್ಧ ಕಿಲೋ ತಿನ್ನಬೇಕು. ಅದರೊಂದಿಗೆ 1500 ಕ್ಯಾಲೊರಿ ಹೊಟ್ಟೆ ಸೇರುತ್ತದೆ. ರಕ್ತಹೀನತೆ ಇರುವ ಹೆಣ್ಣುಮಗಳಿಗೆ ಜೇನು ತಿನ್ನು, ರಕ್ತ ಬರುತ್ತದೆ ಎನ್ನುವುದು ಸರಿಯಲ್ಲ. ಆಕೆಗೆ ಬೇಕಾದ್ದು ಸೊಪ್ಪು, ಕಾಳು, ರೊಟ್ಟಿ, ವೈದ್ಯರು ಕೊಡುವ ಕಬ್ಬಿಣದ ಗುಳಿಗೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ನೀವು ಹೇಳಿದ್ದು ಸೋಸಿದ ತುಪ್ಪದ ಲೆಕ್ಕ, ಹುಟ್ಟಿನಲ್ಲಿ ಪರಾಗ ಇದೆ, ರಾಜಶಾಹಿ ರಸ ಇದೆ, ಅವುಗಳಲ್ಲಿ ಪ್ರೋಟೀನ್ ಇಲ್ಲವೇ? ಪ್ರಶ್ನೆ ಸರಿಯಾಗಿದೆ. ಪರಾಗ ನಿಜಕ್ಕೂ ಪುಷ್ಟಿಯ ವಸ್ತು. ಹೂವಿಗೆ ತಕ್ಕಂತೆ ಅದರ ತೂಕದ ಹತ್ತನೇ ಒಂದು ಪಾಲಿನಿಂದ ಮೂರನೇ ಒಂದು ಪಾಲಿನವರೆಗೆ ಪ್ರೋಟೀನ್ ಇರುತ್ತದೆ. ಆದರೆ ಪ್ರಮಾಣ ನೋಡಬೇಕು. ತುಪ್ಪದ ಕೋಣೆಗಳಲ್ಲಿ ಪರಾಗ ಕಣಗಳ ಲೆಕ್ಕದಲ್ಲಿರುತ್ತದೆ, ಚಮಚದ ಲೆಕ್ಕದಲ್ಲಲ್ಲ. ಪರಾಗದ ಕೋಣೆಗಳು ಒಂದೆರಡು ತುಂಡಿಗೆ ಸೇರಿ ಬಂದರೂ ಅದು ಒಂದು ಹಿಡಿ ಕಡಲೆಗೆ ಸಮನಾಗುವುದಿಲ್ಲ. ರಾಜಶಾಹಿ ರಸ ಸಿಗುವುದು ರಾಣಿ ಮರಿಯ ಕೋಣೆಯಲ್ಲಿ. ಮಾರಾಟಕ್ಕೆ ಬರುವ ತುಪ್ಪದ ತುಂಡಿನಲ್ಲಿ ಅದನ್ನು ಹುಡುಕಬೇಕಾಗಿಲ್ಲ. ಕಿಣ್ವಗಳು ಇವೆ, ಅವು ಜೇನು ಕೆಡದಂತೆ ಕಾಯುತ್ತವೆ. ನಮ್ಮ ಜಠರ ಸೇರಿದ ಮೇಲೆ ಅವು ಇತರ ಪ್ರೋಟೀನಿನಂತೆಯೇ ಜೀರ್ಣವಾಗಿ ಹೋಗುತ್ತವೆ. ಆದ್ದರಿಂದ ಹಸಿ ಎಂಬ ಕಾರಣಕ್ಕೆ ಹುಟ್ಟು ಪುಷ್ಟಿಯ ಆಹಾರವಾಗುವುದಿಲ್ಲ.

ಇಲ್ಲಿಯವರೆಗಿನ ಮಾತು ಇಷ್ಟು: ಹುಟ್ಟಿನ ಬಹುಪಾಲು ತುಪ್ಪ, ತುಪ್ಪದ ಬಹುಪಾಲು ಸಕ್ಕರೆ. ಇನ್ನು ಮೇಣಕ್ಕೆ ಬರೋಣ. ಜೇನುಮೇಣ ಕೆಲಸಗಾರ ನೊಣದ ಹೊಟ್ಟೆಯ ಅಡಿಭಾಗದ ಗ್ರಂಥಿಗಳಿಂದ ಒಸರುತ್ತದೆ. 1 ಕಿಲೋ ಮೇಣ ತಯಾರಿಸಲು ನೊಣಗಳು ಹಲವು ಕಿಲೋ ಜೇನು ತಿನ್ನಬೇಕು. ಮೇಣದಲ್ಲಿ ನೂರಾರು ರಾಸಾಯನಿಕ ವಸ್ತುಗಳಿವೆ. ಹೆಚ್ಚಿನವು ಉದ್ದ ಸರಪಳಿಯ ಕೊಬ್ಬಿನಾಮ್ಲ ಮತ್ತು ಆಲ್ಕೋಹಾಲುಗಳು ಕೂಡಿ ಆದವು. ಮನುಷ್ಯನ ಜಠರ ಇದನ್ನು ಅರಗಿಸಲಾರದು. ನುಂಗಿದ ಮೇಣ ಬಹುತೇಕ ಹಾಗೆಯೇ ಹೊರಬೀಳುತ್ತದೆ. ಮೇಣ ಕೊಲೆಸ್ಟರಾಲ್ ಇಳಿಸುತ್ತದೆ ಎಂಬ ಮಾತಿಗೂ ಒಂದು ಮೂಲ ಇದೆ. ಕ್ಯೂಬಾ ದೇಶದ ಸಂಶೋಧಕರು ಕಬ್ಬಿನ ಮೇಣದಿಂದ ಇಂಥ ಆಲ್ಕೋಹಾಲುಗಳನ್ನು ಬೇರ್ಪಡಿಸಿ, ಪಾಲಿಕೊಸನಾಲ್ ಎಂದು ಹೆಸರಿಟ್ಟು, ಕೊಲೆಸ್ಟರಾಲ್ ಚೆನ್ನಾಗಿ ಇಳಿಯಿತು ಎಂದು ವರದಿ ಮಾಡಿದ್ದರು. ಕಬ್ಬು ಬೆಳೆಯುವ ನಮ್ಮ ನಾಡಿಗೆ ಇದು ಸಂತೋಷದ ಸುದ್ದಿಯಾಗಬಹುದಿತ್ತು. ಆದರೆ 2006ರಲ್ಲಿ ಜರ್ಮನಿಯ ವೈದ್ಯರು ಸುಮಾರು 140 ರೋಗಿಗಳ ಮೇಲೆ ಎಚ್ಚರಿಕೆಯಿಂದ ಪರೀಕ್ಷಿಸಿದರು. ಬರಿಯ ಹುಸಿಗುಳಿಗೆಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ. ಜೇನುಮೇಣದ ಆಲ್ಕೋಹಾಲುಗಳ ಮೇಲೂ ಕ್ಯೂಬಾದಲ್ಲಿ ಅಧ್ಯಯನಗಳಾಗಿವೆ. ಅವು ಬೇರ್ಪಡಿಸಿ ಗುಳಿಗೆ ಮಾಡಿದ ವಸ್ತುವಿನ ಅಧ್ಯಯನಗಳು. ಅಗಿದು ನುಂಗಿದ ಹುಟ್ಟಿನ ತುಂಡಿಗೆ ಅವನ್ನು ಅನ್ವಯಿಸಲಾಗದು. ಹಾಗಾದರೆ ಮೇಣ ಅಪಾಯವೇ? ಸ್ವಲ್ಪ ನುಂಗಿದರೆ ತೊಂದರೆ ಇಲ್ಲ. ಬಹಳ ನುಂಗಿದವರ ಹೊಟ್ಟೆಯಲ್ಲಿ ಮೇಣದ ಉಂಡೆ ಕಟ್ಟಿದ ಪ್ರಸಂಗಗಳನ್ನು ವೈದ್ಯರು ದಾಖಲಿಸಿದ್ದಾರೆ, ಅವು ಅಪರೂಪ. ಚೆನ್ನಾಗಿ ಅಗಿದು, ಸಿಹಿ ಹೀರಿ, ಮೇಣವನ್ನು ಉಗುಳುವ ಹಿರಿಯರ ರೂಢಿಯೇ ಸರಿ.

ತುಪ್ಪ ಪುಷ್ಟಿಯಲ್ಲ, ಮೇಣ ಮದ್ದಲ್ಲ ಎಂದೆ. ಹಾಗಾದರೆ ಜೇನಿಗೆ ಸಾವಿರಾರು ವರ್ಷಗಳಿಂದ ಬಂದ ಗೌರವ ಸುಳ್ಳೇ? ಖಂಡಿತ ಅಲ್ಲ. ಜೇನಿನ ನಿಜವಾದ ಹಿರಿಮೆ ಅದು ಕೆಡದಿರುವುದರಲ್ಲಿದೆ. ಅದಕ್ಕೆ ಮೂರು ಕಾರಣ. ಮೊದಲನೆಯದು ನೀರಿನ ಕೊರತೆ. ಹೂವಿನಿಂದ ತಂದ ಮಕರಂದದಲ್ಲಿ ನೀರೇ ಹೆಚ್ಚು. ನೊಣಗಳು ಅದನ್ನು ಬಾಯಿಂದ ಬಾಯಿಗೆ ದಾಟಿಸುತ್ತ, ರೆಕ್ಕೆ ಬೀಸಿ ಗಾಳಿ ಹಾಕುತ್ತ ನೀರನ್ನು ಆರಿಸುತ್ತವೆ. ಆರಿದ ಜೇನಿನಲ್ಲಿ ಬಿದ್ದ ಸೂಕ್ಷ್ಮಜೀವಿಯ ಮೈಯಿಂದಲೇ ನೀರು ಹೊರಗೆ ಸೆಳೆದುಹೋಗುತ್ತದೆ. ಉಪ್ಪಿನಕಾಯಿಯ ಜಾಡಿಯಲ್ಲಿ ಉಪ್ಪು ಮಾಡುವ ಕೆಲಸವನ್ನು ಇಲ್ಲಿ ಸಕ್ಕರೆ ಮಾಡುತ್ತದೆ. ಎರಡನೆಯದು ಹುಳಿ. ನಾಲಿಗೆಗೆ ಸಿಹಿ ಎನಿಸಿದರೂ ಜೇನು ಆಮ್ಲೀಯ ವಸ್ತು. ಮೂರನೆಯದು ಒಂದು ಕಿಣ್ವ, ಗ್ಲೂಕೋಸ್ ಆಕ್ಸಿಡೇಸ್. ಇದು ನೊಣದ ಗ್ರಂಥಿಯಿಂದ ಬರುತ್ತದೆ. ಜೇನಿಗೆ ಸ್ವಲ್ಪ ನೀರು ತಾಗಿದಾಗ ಇದು ಹೈಡ್ರೋಜನ್ ಪೆರಾಕ್ಸೈಡನ್ನು ಸಣ್ಣ ಪ್ರಮಾಣದಲ್ಲಿ, ನಿಧಾನವಾಗಿ ಹುಟ್ಟಿಸುತ್ತದೆ. ಆಸ್ಪತ್ರೆಯಲ್ಲಿ ಗಾಯ ತೊಳೆಯಲು ಬಳಸುತ್ತಿದ್ದ ವಸ್ತುವೇ ಅದು. ಜೇನು ಹದಕ್ಕೆ ಬಂದ ಮೇಲೆ ನೊಣಗಳು ಕೋಣೆಯ ಬಾಯಿಗೆ ಮೇಣದ ಮುಚ್ಚಳ ಹಾಕುತ್ತವೆ. ಹಸಿ ಹುಟ್ಟಿನ ವಿಶೇಷ ಇದೇ. ಮುಚ್ಚಳದ ಒಳಗಿನ ಜೇನು ಗಾಳಿ, ತೇವ, ಬೆಂಕಿ ಯಾವುದನ್ನೂ ಕಂಡಿಲ್ಲ. ಅದರ ಕಿಣ್ವ, ಅದರ ಪರಿಮಳ ಎರಡೂ ಇದ್ದಂತೆಯೇ ಇರುತ್ತವೆ.

ಜೇನು ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ, ಮುಚ್ಚಿದ ಹುಟ್ಟಿನಲ್ಲಿ ಆ ಗುಣ ಪೂರ್ತಿ ಉಳಿದಿರುತ್ತದೆ ಎಂದಾಯಿತು. ಇದರಿಂದ ರೋಗಿಗೆ ಏನು ಲಾಭ? ಎರಡು ಕಡೆ ಸಾಕ್ಷ್ಯ ಚೆನ್ನಾಗಿದೆ. ಮೊದಲನೆಯದು ಕೆಮ್ಮು. 2007ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಗಡಿ ಕೆಮ್ಮಿನಿಂದ ನರಳುತ್ತಿದ್ದ ನೂರರಷ್ಟು ಮಕ್ಕಳ ಮೇಲೆ ಒಂದು ಪರೀಕ್ಷೆ ನಡೆಯಿತು. ಎಲ್ಲರೂ 2 ವರ್ಷ ದಾಟಿದವರು. ಕೆಲವರಿಗೆ ಮಲಗುವ ಮುನ್ನ ಜೇನು, ಕೆಲವರಿಗೆ ಕೆಮ್ಮಿನ ಔಷಧ, ಕೆಲವರಿಗೆ ಏನೂ ಇಲ್ಲ. ಏನೂ ಕೊಡದವರಿಗಿಂತ ಜೇನು ತಿಂದ ಮಕ್ಕಳು ಕಡಿಮೆ ಕೆಮ್ಮಿದರು, ಹೆಚ್ಚು ನಿದ್ದೆ ಮಾಡಿದರು. ಔಷಧಕ್ಕಿಂತ ಜೇನು ಹಿಂದೆ ಬೀಳಲಿಲ್ಲ. ನಂತರ ಬೇರೆ ದೇಶಗಳಲ್ಲೂ ಇಂಥ ಅಧ್ಯಯನಗಳಾದವು. 2018ರಲ್ಲಿ ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ಸಾಮಾನ್ಯ ಕೆಮ್ಮಿಗೆ ಮೊದಲು ಜೇನನ್ನು ಪ್ರಯತ್ನಿಸಿ ನೋಡಬಹುದೆಂದು ಸಲಹೆ ನೀಡಿತು. ನಮ್ಮ ಅಜ್ಜಿಯರು ಶುಂಠಿ ರಸಕ್ಕೆ ಜೇನು ಬೆರೆಸಿ ಕೊಟ್ಟದ್ದಕ್ಕೆ ಆಧಾರ ಇದೆ ಎಂದಾಯಿತು. ಆದರೆ ಇದು ಕೆಲವೇ ದಿನಗಳ ಕೆಮ್ಮಿಗೆ ಮಾತ್ರ. ಎರಡು ವಾರ ದಾಟಿದ ಕೆಮ್ಮು, ಜ್ವರದ ಜೊತೆಗಿನ ಉಬ್ಬಸ, ಕಫದಲ್ಲಿ ರಕ್ತ, ಇವಕ್ಕೆ ಆಸ್ಪತ್ರೆಯೇ ದಾರಿ. ಕ್ಷಯರೋಗ ಇರುವ ನಾಡಿನಲ್ಲಿ ಈ ಎಚ್ಚರ ತಪ್ಪಬಾರದು.

ಕೆಮ್ಮು ಒಂದಾಯಿತು. ಎರಡನೆಯದು ಸುಟ್ಟ ಗಾಯ. ಇದರ ಸಾಕ್ಷ್ಯ ನಮ್ಮ ನೆರೆಯಲ್ಲೇ ಹುಟ್ಟಿತು. ಕನ್ನಡಿಗರು ಬಹಳ ಮಂದಿ ಇರುವ ಸೊಲ್ಲಾಪುರದ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಸುಬ್ರಹ್ಮಣ್ಯಂ ಎಂಬ ಶಸ್ತ್ರವೈದ್ಯರಿದ್ದರು. ಸುಟ್ಟ ಗಾಯದ ನೂರಕ್ಕೂ ಹೆಚ್ಚು ರೋಗಿಗಳನ್ನು ಅವರು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಜೇನಿನ ಪಟ್ಟಿ, ಇನ್ನೊಂದಕ್ಕೆ ಆಗ ರೂಢಿಯಲ್ಲಿದ್ದ ಬೆಳ್ಳಿಯ ಮುಲಾಮು. ಜೇನು ಹಚ್ಚಿದ ಗಾಯಗಳು ಬೇಗ ಶುದ್ಧವಾದವು, ಬೇಗ ಮಾಯ್ದವು. 1991ರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯ ಪತ್ರಿಕೆಯೊಂದು ಇದನ್ನು ಪ್ರಕಟಿಸಿತು. ಒಂದೇ ಕಡೆ ನಡೆದ ಪರೀಕ್ಷೆಯನ್ನು ಪೂರ್ತಿ ನಂಬಬಹುದೇ ಎಂಬ ಪ್ರಶ್ನೆ ಬಂತು, ಬರಬೇಕಾದ್ದೇ. ಎಲ್ಲ ಪರೀಕ್ಷೆಗಳನ್ನೂ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2015ರಲ್ಲಿ ತನ್ನ ತೀರ್ಪು ಹೇಳಿತು. ಚರ್ಮದ ಪೂರ್ತಿ ಆಳಕ್ಕೆ ಇಳಿಯದ ಸುಟ್ಟ ಗಾಯಗಳು ಸಾಮಾನ್ಯ ಪಟ್ಟಿಗಿಂತ ಜೇನಿನಿಂದ 4–5 ದಿನ ಬೇಗ ಮಾಯುತ್ತವೆ ಎಂದಿತು. ಇದರರ್ಥ ಸಂತೆಯಿಂದ ತಂದ ಹುಟ್ಟನ್ನು ಹಿಂಡಿ ಗಾಯಕ್ಕೆ ಸುರಿಯಿರಿ ಎಂದಲ್ಲ. ಇಂದು ಆಸ್ಪತ್ರೆಗಳಲ್ಲಿ ಬಳಸುವ ಜೇನನ್ನು ಗಾಮಾ ಕಿರಣಗಳಿಂದ ಶುದ್ಧ ಮಾಡಿರುತ್ತಾರೆ. ಹುಟ್ಟಿನಲ್ಲಿ ಧೂಳು, ನೊಣದ ಚೂರು, ಸೂಕ್ಷ್ಮಜೀವಿಗಳ ಬೀಜಕಣ ಇರಬಹುದು. ಮೈ ಸುಟ್ಟರೆ ಮೊದಲು 20 ನಿಮಿಷ ತಣ್ಣೀರು, ನಂತರ ವೈದ್ಯರು. ಜೇನು ಹಚ್ಚಬೇಕೇ ಎಂಬುದು ಅವರ ತೀರ್ಮಾನ.

ಜೇನು ಎಲ್ಲಿ ಮದ್ದು ಎಂಬುದನ್ನು ನೋಡಿದೆವು. ಈಗ ಎಲ್ಲಿ ಅಲ್ಲ ಎಂಬುದನ್ನು ನೋಡೋಣ. ಮೊದಲು ಸಕ್ಕರೆ ಕಾಯಿಲೆ. ಜೇನು ನಿಸರ್ಗದ ಸಿಹಿ, ಅದು ರಕ್ತದ ಸಕ್ಕರೆ ಏರಿಸುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. ಫ್ರಕ್ಟೋಸ್ ಹೆಚ್ಚಿರುವ ಕೆಲವು ಜೇನುಗಳು ಬಿಳಿ ಸಕ್ಕರೆಗಿಂತ ಸ್ವಲ್ಪ ನಿಧಾನವಾಗಿ ಏರಿಸುತ್ತವೆ, ಇದು ನಿಜ. ಆದರೆ ಏರಿಸಿಯೇ ಏರಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2015ರ ತನ್ನ ಮಾರ್ಗಸೂಚಿಯಲ್ಲಿ ಜೇನಿನ ಸಕ್ಕರೆಯನ್ನೂ ಬಿಳಿ ಸಕ್ಕರೆಯ ಸಾಲಿನಲ್ಲೇ ಇಟ್ಟಿದೆ. ದೊಡ್ಡವರು ದಿನಕ್ಕೆ ಇಂಥ ಸಕ್ಕರೆಯನ್ನು 50 ಗ್ರಾಂ ಒಳಗೆ, ಸಾಧ್ಯವಾದರೆ 25 ಗ್ರಾಂ ಒಳಗೆ ಇಡಬೇಕು ಎಂದಿದೆ. 25 ಗ್ರಾಂ ಎಂದರೆ 6 ಸಣ್ಣ ಚಮಚ. ಕೇಳುಗರೇ, ನಿಮ್ಮ ಚಹಾದ ಲೆಕ್ಕ ಹಾಕಿ. ಕಪ್ಪಿಗೆ 2 ಚಮಚದಂತೆ ಮೂರು ಕಪ್ಪು ಕುಡಿದರೆ ಆ ಮಿತಿ ಅಲ್ಲಿಗೇ ಮುಗಿಯಿತು. ಆಮೇಲೆ ತಿನ್ನುವ ಜೇನು ಮಿತಿಯ ಹೊರಗೆ. ಹಾಗಾಗಿ ಜೇನನ್ನು ಸಕ್ಕರೆಯ ಬದಲಿಗೆ ತಿನ್ನಿ, ಸಕ್ಕರೆಯ ಜೊತೆಗೆ ಬೇಡ. ಆರೋಗ್ಯವಂತರಿಗೆ ದಿನಕ್ಕೆ ಒಂದೆರಡು ಚಮಚದಷ್ಟು ಹುಟ್ಟು ಸಾಕು. ಸಕ್ಕರೆ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಅದನ್ನೂ ತಿನ್ನಬಾರದು. ಪರಾಗದ ಅಲರ್ಜಿ ಇದ್ದವರಿಗೂ ಹಸಿ ಹುಟ್ಟು ಸರಿಹೋಗದು. ತಿಂದ ಬಳಿಕ ತುಟಿ ಊದಿದರೆ, ಗಂಟಲು ಕೆರೆದರೆ ಅಲ್ಲಿಗೇ ನಿಲ್ಲಿಸಬೇಕು.

ಸಕ್ಕರೆ ಕಾಯಿಲೆಯಲ್ಲಿ ಎಚ್ಚರ ಬೇಕು ಎಂದೆ. ಎರಡನೆಯ ಎಚ್ಚರ ಹಸುಗೂಸಿನದು. ಇದು ಈ ಭಾಷಣದ ಅತಿ ಮುಖ್ಯ ಮಾತು, ಬಾಣಂತಿಯರಿರುವ ಮನೆಯವರು ಗಮನವಿಟ್ಟು ಕೇಳಬೇಕು. ಒಂದು ವರ್ಷ ತುಂಬದ ಕೂಸಿಗೆ ಜೇನನ್ನು ಯಾವ ರೂಪದಲ್ಲೂ ಕೊಡಬಾರದು. ಹುಟ್ಟಿದ ಕೂಡಲೇ ನಾಲಿಗೆಗೆ ಹಚ್ಚುವುದು ಬೇಡ. ಘುಟ್ಟಿ ತೇಯ್ದು ಜೇನಿನಲ್ಲಿ ನೆಕ್ಕಿಸುವುದೂ ಬೇಡ. ಮಣ್ಣು, ಧೂಳಿನಲ್ಲಿ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ಅವು ಜೇನಿಗೂ ಸೇರಬಹುದು. ಜೇನಿನಲ್ಲಿ ಅವು ಬೆಳೆಯುವುದಿಲ್ಲ, ಸಾಯುವುದೂ ಇಲ್ಲ. ದೊಡ್ಡವರ ಕರುಳು ಅವನ್ನು ಮೊಳೆಯಗೊಡುವುದಿಲ್ಲ. ಎಳೆಗೂಸಿನ ಕರುಳಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಅಲ್ಲಿ ಅವು ಮೊಳೆತು ವಿಷ ಕಾರುತ್ತವೆ. ಕೂಸಿಗೆ ಮಲ ಕಟ್ಟುತ್ತದೆ, ಅಳು ಕ್ಷೀಣಿಸುತ್ತದೆ, ಮೊಲೆ ಚೀಪಲು ಆಗುವುದಿಲ್ಲ, ಕತ್ತು ನಿಲ್ಲುವುದಿಲ್ಲ, ಕೊನೆಗೆ ಉಸಿರಿಗೇ ತೊಂದರೆ. ಈ ರೋಗವನ್ನು ವೈದ್ಯರು ಮೊದಲು ಗುರುತಿಸಿದ್ದು 1976ರಲ್ಲಿ, ಅಮೆರಿಕದಲ್ಲಿ. ಜೇನಿನ ನಂಟು ಕೆಲವೇ ವರ್ಷಗಳಲ್ಲಿ ಸ್ಪಷ್ಟವಾಯಿತು. ಜೇನನ್ನು ಕುದಿಸಿದರೂ ಬೀಜಕಣ ಸಾಯುವುದಿಲ್ಲ. ಮನೆಯ ಹಿರಿಯರು ಕೇಳಬಹುದು: ನಮಗೂ ನೆಕ್ಕಿಸಿದ್ದರು, ನಮ್ಮ ಮಕ್ಕಳಿಗೂ ನೆಕ್ಕಿಸಿದೆವು, ಏನಾಯಿತು? ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಏಕೆಂದರೆ ರೋಗ ಅಪರೂಪ. ಆದರೆ ಹಿಂದೆ ಕಾರಣ ತಿಳಿಯದೆ ಹೋದ ಕೂಸುಗಳೂ ಇದ್ದವು, ಆಗ ಈ ರೋಗಕ್ಕೆ ಹೆಸರೇ ಇರಲಿಲ್ಲ. ಇಲ್ಲಿ ಕೂಸಿಗೆ ಜೇನಿನಿಂದ ಸಿಗುವ ಲಾಭ ಏನೂ ಇಲ್ಲ. ಆರು ತಿಂಗಳವರೆಗೆ ತಾಯಿಹಾಲೇ ಪೂರ್ಣ ಆಹಾರ. ಲಾಭವೇ ಇಲ್ಲದಲ್ಲಿ ಸಣ್ಣ ಅಪಾಯವನ್ನೂ ಹೊರಬಾರದು.

ಪುಷ್ಟಿ, ಮದ್ದು, ಎಚ್ಚರ ಮೂರನ್ನೂ ನೋಡಿದ್ದಾಯಿತು. ಇನ್ನು ಶುದ್ಧತೆಯ ಪ್ರಶ್ನೆ. ಸೀಸೆಯ ಜೇನಿನಲ್ಲಿ ಬೆರಕೆ ಇರುತ್ತದೆ, ಹುಟ್ಟಿನಲ್ಲಿ ಬೆರಕೆ ಸಾಧ್ಯವೇ ಇಲ್ಲ ಎನ್ನುತ್ತಾರೆ. ಈ ಅನುಮಾನಕ್ಕೆ ಕಾರಣ ಇದೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2020ರ ಡಿಸೆಂಬರಿನಲ್ಲಿ ಮಾರುಕಟ್ಟೆಯ 13 ಬ್ರಾಂಡುಗಳ ಜೇನನ್ನು ಪರೀಕ್ಷೆಗೆ ಕಳಿಸಿದ ಫಲಿತಾಂಶ ಪ್ರಕಟಿಸಿತು. ಅತಿಸೂಕ್ಷ್ಮ ಪರೀಕ್ಷೆಯಲ್ಲಿ 10 ತೇರ್ಗಡೆಯಾಗಲಿಲ್ಲ. ಕಂಪನಿಗಳು ಅದನ್ನು ಒಪ್ಪಲಿಲ್ಲ. ಜನರ ಮನಸ್ಸಿನಲ್ಲಿ ಅನುಮಾನ ಉಳಿಯಿತು. ಹುಟ್ಟಿನ ತುಪ್ಪಕ್ಕೆ ಆಮೇಲೆ ಪಾಕ ಬೆರೆಸುವುದು ಕಷ್ಟ ಎಂಬುದು ನಿಜ. ಆದರೆ ಸಾಕಿದ ನೊಣಗಳಿಗೆ ಸಕ್ಕರೆ ಪಾಕ ಇಟ್ಟರೆ ಅದನ್ನೇ ಅವು ಕೋಣೆಗೆ ತುಂಬುತ್ತವೆ. ಮುಚ್ಚಳ ಹಾಕುವ ಮೊದಲೇ ಕಿತ್ತ ಹುಟ್ಟಿನಲ್ಲಿ ನೀರು ಹೆಚ್ಚು. ಜೇನಿನಲ್ಲಿ ನೀರು ಶೇಕಡಾ 20 ದಾಟಬಾರದು ಎಂಬುದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ದಾಟಿದರೆ ಹುದುಗು ಬರುತ್ತದೆ, ನೊರೆ ಏಳುತ್ತದೆ, ಹುಳಿ ವಾಸನೆ ಹೊಡೆಯುತ್ತದೆ. ಇನ್ನೂ ದೊಡ್ಡ ಸಂಗತಿ ಹೊಲದ ವಿಷ. ಹತ್ತಿಗೆ, ಸೋಯಾಬೀನಿಗೆ ಹೊಡೆದ ಕೀಟನಾಶಕದ ಅಂಶ ನೊಣದ ಮೈಗಂಟಿ ಗೂಡಿಗೆ ಬರುತ್ತದೆ. ಇಂಥ ಹಲವು ವಿಷಗಳು ನೀರಿಗಿಂತ ಕೊಬ್ಬಿನಲ್ಲಿ ಕರಗುವಂಥವು. ಅವು ತುಪ್ಪಕ್ಕಿಂತ ಮೇಣದಲ್ಲಿ ಹೆಚ್ಚು ಸೇರಿಕೊಳ್ಳುತ್ತವೆ. ಹುಟ್ಟು ಹಳೆಯದಾದಷ್ಟೂ ಹೆಚ್ಚುತ್ತವೆ. ನೀರಿಗೆ ಹಾಕಿ ನೋಡುವುದು, ಕಡ್ಡಿ ಗೀರಿ ಉರಿಸಿ ನೋಡುವುದು, ಇವು ಶುದ್ಧತೆಯ ಪರೀಕ್ಷೆಗಳೇ ಅಲ್ಲ. ಗಟ್ಟಿಯಾದ ಪಾಕವೂ ಅವುಗಳಲ್ಲಿ ಗೆಲ್ಲುತ್ತದೆ.

ಹಾಗಾದರೆ ಒಳ್ಳೆಯ ಹುಟ್ಟನ್ನು ಆರಿಸುವುದು ಹೇಗೆ? ನಾಲ್ಕು ಗುರುತು ಹೇಳುತ್ತೇನೆ. ಬಣ್ಣ ತಿಳಿಯಾಗಿರಬೇಕು, ಕಪ್ಪು ಕಂದು ಬಣ್ಣ ಎಂದರೆ ಹಲವು ಬಾರಿ ಮರಿ ಬೆಳೆದ ಹಳೆಯ ಹುಟ್ಟು. ಕೋಣೆಗಳಿಗೆ ಮುಚ್ಚಳ ಇರಬೇಕು. ಮರಿ, ಮೊಟ್ಟೆ ಇರುವ ಭಾಗ ಸೇರಿರಬಾರದು. ಹುಳಿ ವಾಸನೆ, ನೊರೆ ಇರಬಾರದು. ಮನೆಗೆ ತಂದ ಮೇಲೆ ಒಣಗಿದ ಗಾಜಿನ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಒದ್ದೆ ಚಮಚ ಹಾಕಬೇಡಿ. ಚಳಿಗೆ ಹರಳುಗಟ್ಟಿದರೆ ಬೆರಕೆ ಎಂದು ಅನುಮಾನಿಸಬೇಡಿ, ಅದು ಜೇನಿನ ಸಹಜ ಗುಣ. ಜೇನನ್ನು ಕಾಯಿಸಬಾರದು ಎಂದು ಚರಕಸಂಹಿತೆ ಹೇಳುತ್ತದೆ. ಕಾಯಿಸಿದರೆ ಕಿಣ್ವ ನಾಶವಾಗುತ್ತದೆ, ಪರಿಮಳ ಹಾರುತ್ತದೆ, ಸಕ್ಕರೆ ಒಡೆದು ಬೇಡದ ಒಂದು ವಸ್ತು ಹೆಚ್ಚುತ್ತದೆ ಎಂದು ಇಂದಿನ ರಸಾಯನಶಾಸ್ತ್ರವೂ ಹೇಳುತ್ತದೆ. ಬಿಸಿನೀರಿಗೆ ಒಂದು ಚಮಚ ಜೇನು ಹಾಕಿದ ಮಾತ್ರಕ್ಕೆ ಅದು ವಿಷವಾಗುತ್ತದೆ ಎಂಬ ಭಯ ಬೇಡ. ಆದರೂ ಉಗುರುಬೆಚ್ಚಗಾದ ಮೇಲೆ ಹಾಕಿದರೆ ಹಸಿ ಜೇನಿನ ವಿಶೇಷ ಗುಣ ಉಳಿಯುತ್ತದೆ.

ಈಗ ಮೊದಲು ಹೇಳಿದ್ದಕ್ಕೆ ಉತ್ತರ ಕೊಡಬೇಕು. ಹುಟ್ಟು ಒಳ್ಳೆಯ ಸಿಹಿ, ಸಣ್ಣ ಮದ್ದು, ಪುಷ್ಟಿಯಲ್ಲ ಎಂದು ತೋರಿಸಿದೆ. ಹಾಗಾದರೆ ಜೇನುನೊಣದ ಪುಷ್ಟಿ ಎಲ್ಲಿದೆ? ಅದು ನಮ್ಮ ಊಟದ ತಾಟಿನಲ್ಲಿದೆ. ಗುರೆಳ್ಳನ್ನು ತೆಗೆದುಕೊಳ್ಳಿ. ರೊಟ್ಟಿಯ ಜೊತೆ ಗುರೆಳ್ಳು ಚಟ್ನಿಪುಡಿ ಇಲ್ಲದ ಮನೆ ನಮ್ಮಲ್ಲಿ ಕಡಿಮೆ. ಗುರೆಳ್ಳಿನ ತೂಕದಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಎಣ್ಣೆ, ಐದನೇ ಒಂದು ಪಾಲಿನಷ್ಟು ಪ್ರೋಟೀನ್. ಈ ಗಿಡದ ಹೂವು ತನ್ನದೇ ಪರಾಗದಿಂದ ಕಾಳು ಕಟ್ಟುವುದಿಲ್ಲ. ಬೇರೆ ಗಿಡದ ಪರಾಗ ಬರಲೇಬೇಕು. ಅದನ್ನು ಹೊತ್ತು ತರುವುದರಲ್ಲಿ ಜೇನುನೊಣವೇ ಮುಂದು. ಸೌತೆ, ಹೀರೆ, ಕುಂಬಳಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ನೊಣ ಬಾರದಿದ್ದರೆ ಮಿಡಿ ಉದುರಿಹೋಗುತ್ತದೆ. ಸೂರ್ಯಕಾಂತಿಯ ಹೊಸ ತಳಿಗಳು ತಾವಾಗಿಯೇ ಸ್ವಲ್ಪ ಕಾಳು ಕಟ್ಟಿದರೂ ನೊಣ ಬಂದ ಹೊಲದಲ್ಲಿ ಕಾಳು ತುಂಬುವುದು ಹೆಚ್ಚು. ಉಳ್ಳಾಗಡ್ಡಿಯ ಬೀಜ ತಯಾರಿಗೂ ಕೀಟಗಳೇ ಬೇಕು. ಈಗ ಲೆಕ್ಕ ಹಾಕಿ. ಒಂದು ಹುಟ್ಟನ್ನು ತಿಂದರೆ ಮನೆಗೆ ಸಿಗುವುದು ಬಹುಮಟ್ಟಿಗೆ ಸಕ್ಕರೆ. ಅದೇ ಹುಟ್ಟಿನ ನೊಣಗಳು ಬದುಕಿದ್ದರೆ ಊರಿಗೆ ಸಿಗುವುದು ಎಣ್ಣೆ, ಪ್ರೋಟೀನ್, ತರಕಾರಿ. ರಕ್ತ ಕಡಿಮೆಯಾದವರಿಗೂ, ಬೆಳೆಯುವ ಮಕ್ಕಳಿಗೂ ಬೇಕಾದ್ದು ಈ ಎರಡನೆಯದೇ.

ನೊಣದ ಪುಷ್ಟಿ ಬೆಳೆಯ ಮೂಲಕ ಬರುತ್ತದೆ ಎಂದಾದರೆ, ಹುಟ್ಟನ್ನು ಕೀಳಲೇಬಾರದೇ ಎಂದು ಕೇಳಬಹುದು. ಜೇನು ಬಿಡಿಸಿ ಬದುಕುವ ಕುಟುಂಬಗಳ ಗತಿ ಏನು ಎಂದೂ ಕೇಳಬಹುದು. ಕೀಳಬಾರದು ಎಂದು ನಾನು ಹೇಳುವುದಿಲ್ಲ, ಕೀಳುವ ಬಗೆ ಬದಲಾಗಬೇಕು ಎನ್ನುತ್ತೇನೆ. ಹೆಜ್ಜೇನಿನಲ್ಲಿ ತುಪ್ಪ ಇರುವುದು ಮೇಲಿನ ದಪ್ಪ ಭಾಗದಲ್ಲಿ. ಅದನ್ನಷ್ಟೇ ಕೊಯ್ದು ಮರಿಯ ಭಾಗ ಉಳಿಸಿದರೆ ಕುಟುಂಬ ಬದುಕಿಕೊಳ್ಳುತ್ತದೆ, ಮತ್ತೆ ತುಪ್ಪ ತುಂಬುತ್ತದೆ. ಸೂಡಿ ಹಚ್ಚಿ ಸುಡುವ ಬದಲು ಹೊಗೆ ಹಾಕಿದರೆ ಸಾಕು. ಇಡೀ ಹುಟ್ಟನ್ನು ಮರಿಯ ಸಮೇತ ಹಿಂಡಿದರೆ ತುಪ್ಪಕ್ಕೂ ಕೇಡು. ಮರಿಗಳ ರಸ ಬೆರೆತು ನೀರು ಹೆಚ್ಚಿ ಅದು ಬೇಗ ಹುದುಗುತ್ತದೆ. ಹಾಗಾಗಿ ನೊಣಕ್ಕೆ ಒಳ್ಳೆಯದಾದ ಕೊಯ್ಲು ತಿನ್ನುವವರಿಗೂ ಒಳ್ಳೆಯದು, ಮಾರುವವರಿಗೂ ಒಳ್ಳೆಯ ಬೆಲೆ. ರೈತರಿಗೆ ನನ್ನ ಬಿನ್ನಹ ಇಷ್ಟು. ಬೆಳೆ ಹೂವಿನಲ್ಲಿರುವಾಗ ಕೀಟನಾಶಕ ಹೊಡೆಯಬೇಡಿ. ಅನಿವಾರ್ಯವಾದರೆ ನೊಣಗಳು ಗೂಡಿಗೆ ಮರಳಿದ ಮೇಲೆ, ಸಂಜೆ ಹೊಡೆಯಿರಿ. ಹೊಲದ ಬದುವಿನಲ್ಲಿ ಬೇವು, ಹೊಂಗೆ, ಹುಣಸೆ ಉಳಿಸಿ. ಗುರೆಳ್ಳು, ಕುಸುಬಿಯ ಅಕ್ಕಡಿ ಸಾಲುಗಳನ್ನು ಬಿಡಬೇಡಿ. ಹೊಲದಲ್ಲಿ ವಿಷ ಕಡಿಮೆಯಾದರೆ ಮೇಣದಲ್ಲೂ ಕಡಿಮೆಯಾಗುತ್ತದೆ.

ಕೇಳುಗರೇ, ಇಡೀ ಮಾತನ್ನು ಒಟ್ಟು ಮಾಡಿ ಮುಗಿಸುತ್ತೇನೆ. ಹಸಿ ಜೇನುಹುಟ್ಟು ಸಕ್ಕರೆಯೇ, ಆದರೆ ಪರಿಮಳವಿರುವ, ಕಲಬೆರಕೆಯ ಭಯ ಕಡಿಮೆ ಇರುವ ಸಕ್ಕರೆ. ಕೆಮ್ಮಿಗೆ ಅದು ನಂಬಬಹುದಾದ ಮನೆಮದ್ದು. ಸುಟ್ಟ ಗಾಯಕ್ಕೆ ವೈದ್ಯರ ಕೈಯಲ್ಲಿ ಮದ್ದು. ರಕ್ತಹೀನತೆಗೆ, ಸಕ್ಕರೆ ಕಾಯಿಲೆಗೆ, ಕೊಲೆಸ್ಟರಾಲಿಗೆ ಅದು ಮದ್ದಲ್ಲ. ವರ್ಷ ತುಂಬದ ಕೂಸಿಗೆ ಅದು ಅಪಾಯ. ಇಷ್ಟು ತಿಳಿದು ತಿಂದರೆ ಜೇನಿನ ಗೌರವ ಕಡಿಮೆಯಾಗುವುದಿಲ್ಲ. ಇಲ್ಲದ ಗುಣವನ್ನು ಅದಕ್ಕೆ ಅಂಟಿಸಿದಷ್ಟೂ ಬೇಡಿಕೆ ಏರುತ್ತದೆ, ಮರಿಯ ಸಮೇತ ಹುಟ್ಟು ಕೀಳುವುದು ಹೆಚ್ಚುತ್ತದೆ, ಕೊನೆಗೆ ನಷ್ಟವಾಗುವುದು ನಮ್ಮ ಹೊಲಕ್ಕೆ. ಮಿತವಾಗಿ ತಿನ್ನಿ. ಮರಿಯ ಭಾಗವಿರುವ ಹುಟ್ಟನ್ನು ಕೊಳ್ಳಬೇಡಿ, ಮಾರುವವರಿಗೆ ಅದರ ಕಾರಣವನ್ನೂ ತಿಳಿಸಿ. ಕೊಳ್ಳುವವರು ಬೇಡವೆಂದರೆ ಕೀಳುವವರು ಖಂಡಿತ ಬಿಡುತ್ತಾರೆ.